ಶತ್ರುದೇಶದ ಗೆಳತಿ

ಟಿವಿ ಸುದ್ದಿಯನ್ನು ಪೂರ್ತಿಯಾಗಿ ನಂಬುವ ಮನುಷ್ಯರು ಇಡೀ ಹುಬ್ಬಳ್ಳಿ-ಧಾರವಾಡದಲ್ಲಿ ಒಬ್ಬರೇ ಒಬ್ಬರಿದ್ದಾರೆ, ಅವರು ಬೆಂಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದಾರೆ! ಅವಳು ನಮ್ಮ ಅತ್ತಿ, ಎಂದರೆ ಅಪ್ಪನ ಅಕ್ಕ. ‘ಟಿವಿ ನಂಬುವವರು ನಮ್ಮ ಓಣಿಯಲ್ಲೇ ನೂರು ಜನ ಸಿಗುತ್ತಾರಲ್ಲ’ ಎಂದು ನೀವು ನಗಬಹುದು. ಇಲ್ಲ, ಅವರೆಲ್ಲ ಅರ್ಧ ನಂಬುವವರು. ಶತ್ರುದೇಶದಲ್ಲಿ ಹಿಟ್ಟಿಲ್ಲವಂತೆ ಎಂದು ಟಿವಿಯವನು ಹೇಳಿದರೆ, ‘ಹಂಗ ಆಗಬೇಕು ಅವರಿಗೆ’ ಎಂದು ತೊಡೆ ತಟ್ಟಿಕೊಳ್ಳಲು ಎಷ್ಟು ಬೇಕೋ ಅಷ್ಟು ಮಾತ್ರ ನಂಬಿ, ಎದ್ದು ಊಟಕ್ಕೆ ಹೋಗುತ್ತಾರೆ. ಅತ್ತಿ ಹಾಗಲ್ಲ. ಹಿಟ್ಟಿಲ್ಲ ಎಂದರೆ ಅವಳಿಗೆ ಹಿಟ್ಟಿಲ್ಲ ಎಂದೇ ಅರ್ಥ. ಹಿಟ್ಟಿಲ್ಲದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಒಲೆ ಹೊತ್ತದಿದ್ದರೆ ಮಕ್ಕಳು ಸುಮ್ಮನೆ ಕೂಡುವುದಿಲ್ಲ. ಇಷ್ಟು ಯೋಚಿಸುವಷ್ಟರಲ್ಲಿ ಅವಳು ಎದ್ದು ಅಡುಗೆಮನೆಗೆ ಹೋಗಿ ನಮ್ಮ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಿರುತ್ತಾಳೆ.

ಬೆಳಿಗ್ಗೆ ಸ್ನಾನ, ಲಿಂಗಪೂಜೆ, ನಾಷ್ಟಾ ಮುಗಿಸಿ, ಹಣೆಗೆ ವಿಭೂತಿ, ಮೂಗಿಗೆ ಕನ್ನಡಕ ಏರಿಸಿ ಅತ್ತಿ ಟಿವಿ ಮುಂದೆ ಕೂತಳೆಂದರೆ ಮುಗಿಯಿತು. ಸುದ್ದಿ ಓದುವವನು ‘ವೀಕ್ಷಕರೇ ನಮಸ್ಕಾರ’ ಎಂದರೆ ಇವಳು ‘ನಮಸ್ಕಾರ್ರೀ ಯಪ್ಪಾ’ ಎಂದು ತಿರುಗಿ ಕೈ ಮುಗಿಯುತ್ತಾಳೆ. ಅವನು ಕಿರುಚತೊಡಗಿದರೆ, ‘ಪಾಪ, ಮುಂಜಾನಿಂದ ಗಂಟಲಾ ಹರಕೊಳ್ಳಾಕತ್ತಾನ, ಯಾರರ ಒಂದ್ ವಾಟಗಾ ನೀರು ಕೊಡಬಾರದೇನು’ ಎಂದು ಚಡಪಡಿಸುತ್ತಾಳೆ. ನಾನು ವಿದ್ಯಾನಗರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುವವನು. ದಿನಕ್ಕೆ ಎರಡು ತಾಸು ವಿದೇಶಾಂಗ ನೀತಿಯ ಬಗ್ಗೆ ಮಾತನಾಡಿ ಮನೆಗೆ ಬಂದರೆ, ಅತ್ತಿ ನನಗೆ ಮತ್ತೆ ಮೂರು ತಾಸು ಅದೇ ಪಾಠ ಹೇಳುತ್ತಾಳೆ!

ಹಿಟ್ಟಿನ ಕಥೆಗೆ ಬರುತ್ತೇನೆ. ಆ ದೇಶದ ಜನ ಹಿಟ್ಟಿಲ್ಲದೆ ಹುಲ್ಲು ತಿನ್ನುತ್ತಿದ್ದಾರೆ ಎಂದು ಟಿವಿಯವರು ತೋರಿಸಿದ ದಿನ, ಅತ್ತಿ ಓಣಿಯ ಇಬ್ಬರು ಹೆಂಗಸರನ್ನು ಕರೆದು ರೊಟ್ಟಿ ಬಡಿಯಲು ಕೂತಳು. ಎರಡು ದಿನದಲ್ಲಿ ನೂರು ಜೋಳದ ರೊಟ್ಟಿ. ಅವನ್ನು ಸುಟ್ಟು, ಬಿಸಿಲಿಗಿಟ್ಟು, ಖಡಕ್ ಮಾಡಿ, ಹಳೆಯ ಪಂಚೆಯಲ್ಲಿ ಸುತ್ತಿ, ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿಯ ಪೊಟ್ಟಣ ಇಟ್ಟು, ಒಂದು ಡಬ್ಬ ಕಟ್ಟಿದಳು. ನನ್ನ ಸ್ಕೂಟರಿನ ಮೇಲೆ ನಾವಿಬ್ಬರೂ ಡಬ್ಬವೂ ಅಂಚೆ ಕಚೇರಿಗೆ ಹೋದೆವು.

‘ಎಲ್ಲಿಗೆ ಕಳಿಸಬೇಕ್ರೀ ಅಮ್ಮಾರ?’ ಎಂದ ಗುಮಾಸ್ತ.

‘ಕರಾಚಿಗೆ.’

ಗುಮಾಸ್ತ ಅತ್ತಿಯನ್ನು ಬಿಟ್ಟು ನನ್ನನ್ನು ನೋಡಿದ. ನಾನು ಗೋಡೆಯ ಮೇಲಿನ ಉಳಿತಾಯ ಯೋಜನೆಯ ಫಲಕವನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ.

‘ಅಲ್ಲಿಗೆ ಟಪಾಲು ಬಂದ್ ಐತ್ರೀ. ಅವರು ನಮ್ಮ ಶತ್ರು ಅಲ್ರೀ?’

‘ಶತ್ರು ಆದ್ರ ಹಸಿವಿ ಆಗಂಗಿಲ್ಲೇನು?’ ಅತ್ತಿ ಕೇಳಿದಳು. ‘ನಮ್ಮ ಗೆಳತಿ ಅದಾಳಪಾ ಅಲ್ಲೆ. ಆಕಿ ನಾಕು ಇಟಗೊಂಡು ಉಳದದ್ದು ಓಣಿಯೋರಿಗೆ ಹಂಚತಾಳ. ತಾನ ಎಲ್ಲಾ ತಿನ್ನಾಕಿ ಅಲ್ಲ ಆಕಿ.’

ಗುಮಾಸ್ತ ಡಬ್ಬವನ್ನು ಮೆಲ್ಲಗೆ ನಮ್ಮ ಕಡೆಗೇ ಸರಿಸಿದ. ಕೊನೆಗೆ ಅತ್ತಿ ಅಲ್ಲಿಯೇ ಡಬ್ಬ ಬಿಚ್ಚಿ, ಶತ್ರುಗಳ ಪಾಲಿನಲ್ಲಿ ಹತ್ತು ರೊಟ್ಟಿ ತೆಗೆದು ಕಚೇರಿಯವರಿಗೆ ಕೊಟ್ಟಳು. ಉಳಿದ ತೊಂಬತ್ತನ್ನು ನಾವು ಎರಡು ತಿಂಗಳು ತಿಂದೆವು. ಆ ದೇಶದ ಬರಗಾಲಕ್ಕೆ ನಮ್ಮ ಮನೆಯವರ ಹಲ್ಲು ಸವೆದವು! ಆಮೇಲೆ ತಿಳಿದುಬಂದದ್ದು ಇಷ್ಟು: ಹುಲ್ಲು ತಿನ್ನುತ್ತಿದ್ದಾರೆಂದು ತೋರಿಸಿದ ಚಿತ್ರದಲ್ಲಿ ಜನ ಸಂತೆಯಲ್ಲಿ ಮೆಂತ್ಯದ ಸೊಪ್ಪು ಕೊಳ್ಳುತ್ತಿದ್ದರಂತೆ.

ಆ ಗೆಳತಿ ಯಾರು ಎಂದು ಹೇಳಲೇಬೇಕು, ಏಕೆಂದರೆ ಅತ್ತಿಯ ಎಲ್ಲ ಹುಚ್ಚಿಗೂ ಬೇರು ಅಲ್ಲಿದೆ. ಅತ್ತಿ ಹುಟ್ಟಿ ಬೆಳೆದದ್ದು ಇದೇ ಬೆಂಗೇರಿಯ ಮನೆಯಲ್ಲಿ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ ಒಬ್ಬ ಮುಸಲ್ಮಾನ ಬಡಿಗರದ್ದು. ಚಕ್ಕಡಿ ಗಾಲಿ ಮಾಡುವುದರಲ್ಲಿ ಅವರ ಕೈ ಬಲು ನಯವಂತೆ. ಅವರ ಮಗಳೂ ಅತ್ತಿಯೂ ಒಂದೇ ವರ್ಷದಲ್ಲಿ ಹುಟ್ಟಿದವರು, ಒಂದೇ ಸಾಲೆ, ಒಂದೇ ಮಣೆ. ಇಬ್ಬರಿಗೂ ಒಂದೇ ವರ್ಷ ಲಗ್ನವಾಯಿತು. ಅತ್ತಿಯನ್ನು ಮುಗದಕ್ಕೆ ಕೊಟ್ಟರು. ಗೆಳತಿಯನ್ನು, ದೇಶ ಒಡೆದಾಗ ಆ ಕಡೆ ಹೋಗಿದ್ದ ಸಂಬಂಧಿಕರಲ್ಲಿ, ಪಾಕಿಸ್ತಾನದ ಕರಾಚಿಗೆ ಕೊಟ್ಟರು. ಮುಗದ ನಮ್ಮೂರಿಂದ ಬಸ್ಸಿನಲ್ಲಿ ಒಂದು ತಾಸು. ಕರಾಚಿ ಎಷ್ಟು ತಾಸು? ‘ಆಗ ನಾವು ಅದೂ ಒಂದ್ ಊರು, ಹೋಗಿ ಬಂದು ಮಾಡಬಹುದಂತ ತಿಳಕೊಂಡಿದ್ವಿ’ ಎನ್ನುತ್ತಾಳೆ ಅತ್ತಿ.

ಗೆಳತಿ ತವರಿಗೆ ಬಂದದ್ದು ಎರಡೇ ಸಲ. ಅಪ್ಪ ತೀರಿಕೊಂಡಾಗ ಒಮ್ಮೆ, ತಮ್ಮನ ಮದುವೆಗೆ ಒಮ್ಮೆ. ಆಮೇಲೆ ಎರಡು ಸರ್ಕಾರಗಳೂ ಸೇರಿ ಬಾಗಿಲು ಹಾಕಿಕೊಂಡವು. ನಮ್ಮ ಮಾವ ತೀರಿಕೊಂಡ ಮೇಲೆ ಅತ್ತಿ ಮುಗದದಿಂದ ನಮ್ಮ ಮನೆಗೆ ಮರಳಿದಳು. ಪಕ್ಕದ ಮನೆ ಅಲ್ಲೇ ಇತ್ತು, ಗೋಡೆಯೂ ಇತ್ತು. ಮರಳಿ ಬಂದ ದಿನ ಅತ್ತಿ ತನ್ನ ಟ್ರಂಕು ಇಳಿಸುವುದಕ್ಕಿಂತ ಮೊದಲು ಹಿತ್ತಲಿಗೆ ಹೋಗಿ ಆ ಗೋಡೆಗೆ ಕೈಯಿಟ್ಟು ನಿಂತಿದ್ದಳು. ನಾನು ಆಗ ಅದನ್ನು ನೋಡಿ ಗೋಡೆ ತಂಪಾಗಿರಬೇಕು ಎಂದುಕೊಂಡೆ. ಎಂಥ ದಡ್ಡ ನಾನು!

ಹಾಗಾಗಿ ಟಿವಿಯವರು ದಿನಬೆಳಗಾದರೆ ಆ ದೇಶವನ್ನು ತೋರಿಸುವುದು ನಮಗೆಲ್ಲ ಬೇಸರವಾದರೂ ಅತ್ತಿಗೆ ಉಪಕಾರವೇ. ಅವಳ ಜೀವ ಇರುವ ಊರಿನ ಸುದ್ದಿಯನ್ನು ಇಷ್ಟು ಆಸ್ಥೆಯಿಂದ ಹೇಳುವವರು ಬೇರೆ ಯಾರಿದ್ದಾರೆ? ಓಣಿಯವರೆಲ್ಲ ಹಲ್ಲು ಕಡಿದು ನೋಡುವ ಚಿತ್ರವನ್ನು ಇವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡುತ್ತಾಳೆ.

ಬರೀ ಆ ದೇಶವೆಂದೇನಲ್ಲ. ನಮ್ಮ ಟಿವಿಯವರಿಗೆ ಆಗದ ದೇಶ ಯಾವುದೇ ಇರಲಿ, ಅಲ್ಲಿಯ ಕಷ್ಟ ಅತ್ತಿಯ ಕಷ್ಟ. ದೂರದ ಒಂದು ದೇಶದ ಸರ್ವಾಧಿಕಾರಿ ಸತ್ತನೆಂದು ಒಮ್ಮೆ ಸುದ್ದಿ ಬಂತು. ಅವನು ಎಷ್ಟು ಕ್ರೂರಿ, ಎಷ್ಟು ಜನರನ್ನು ನಾಯಿಗೆ ಹಾಕಿದ್ದ ಎಂದೆಲ್ಲ ಸುದ್ದಿಯವನು ಹೇಳಿದ. ಅತ್ತಿ ಮಧ್ಯಾಹ್ನ ಊಟ ಬಿಟ್ಟಳು. ‘ಅಂವಂಗೂ ಅವ್ವ ಇರತಾಳಲ್ಲೋ’ ಎಂದಳು. ಎರಡು ದಿನ ಬಿಟ್ಟು ಅದೇ ಸರ್ವಾಧಿಕಾರಿ ಅದೇ ಟಿವಿಯಲ್ಲಿ ಯಾವುದೋ ಕಾರ್ಖಾನೆಯ ರಿಬ್ಬನ್ ಕತ್ತರಿಸುತ್ತ ಕಾಣಿಸಿಕೊಂಡ, ಮೊದಲಿಗಿಂತ ಎರಡು ಸುತ್ತು ದಪ್ಪವಾಗಿ! ಟಿವಿಯವರು ಒಂದು ಮಾತು ತಪ್ಪಾಯಿತೆನ್ನಲಿಲ್ಲ. ಅತ್ತಿ ಮಾತ್ರ ಅಡುಗೆಮನೆಯಲ್ಲಿ ಕಡಲೆಬೇಳೆ ಬೇಯಲಿಟ್ಟಳು. ಏನು ಹಬ್ಬ ಎಂದು ನನ್ನ ಹೆಂಡತಿ ಕೇಳಿದರೆ, ‘ಸತ್ತಂವ ತಿರಗಿ ಬಂದಾನ, ಒಂದ್ ಹೋಳಿಗಿ ಮಾಡಬಾರದೇನು?’ ಎಂದಳು. ಸರ್ವಾಧಿಕಾರಿಯ ಪುನರ್ಜನ್ಮಕ್ಕೆ ಹೋಳಿಗೆ-ತುಪ್ಪ ಉಂಡವರು ಪ್ರಜಾಪ್ರಭುತ್ವ ದೇಶದಲ್ಲಿ ನಾವೊಬ್ಬರೇ ಇರಬೇಕು.

ಇನ್ನು ಪಾರಿವಾಳ. ಶತ್ರುದೇಶ ಪಾರಿವಾಳಗಳ ಕಾಲಿಗೆ ಕ್ಯಾಮೆರಾ ಕಟ್ಟಿ ಗೂಢಚಾರಿಕೆಗೆ ಬಿಟ್ಟಿದೆ, ಅವು ಊರೂರಿನ ಮಾಳಿಗೆಗಳ ಮೇಲೆ ಕೂತು ಎಲ್ಲವನ್ನೂ ಅಲ್ಲಿಯ ಸರ್ಕಾರಕ್ಕೆ ತೋರಿಸುತ್ತಿವೆ ಎಂದು ಟಿವಿಯಲ್ಲಿ ಬಂತು. ಮರುದಿನ ನಮ್ಮ ಮಾಳಿಗೆಯ ಮೇಲೆ ಬೂದುಬಣ್ಣದ ಒಂದು ಪಾರಿವಾಳ! ಕಾಲಿಗೆ ಏನೋ ದಾರವೂ ಸುತ್ತಿಕೊಂಡಿತ್ತು. ಎದುರುಮನೆಯವರು ಪೊಲೀಸರಿಗೆ ಹೇಳೋಣ ಎಂದರು. ಅತ್ತಿ ‘ಯಾರೂ ಹತ್ರ ಹೋಗಬ್ಯಾಡ್ರಿ’ ಎಂದು ಕೆಳಗೆ ಇಳಿದು ಹೋದವಳು ಅರ್ಧ ತಾಸು ಬಿಟ್ಟು ಮೇಲೆ ಬಂದಳು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಬೊಗಸೆ ಜೋಳ. ಪಾರಿವಾಳದ ಮುಂದೆ ಜೋಳ ಚೆಲ್ಲಿ, ಮಣೆ ಹಾಕಿಕೊಂಡು ಕೂತು, ಅದರ ಕಾಲನ್ನೇ ನೋಡುತ್ತ ಮಾತಾಡಿದಳು.

‘ಸರ್ಕಾರದೋರಿಗೆ ನಮಸ್ಕಾರ್ರೀ. ನಾ ಹುಬ್ಬಳ್ಳಿ ಬೆಂಗೇರಿಯಿಂದ ಮಾತಾಡಾಕತ್ತೇನಿ. ನಿಮ್ಮ ಊರಾಗ ನಮ್ಮ ಗೆಳತಿ ಅದಾಳ್ರೀ. ಆಕಿಗೆ ಒಂದ್ ತಿಂಗಳ ರಜಾ ಕೊಟ್ಟು ಕಳಿಸ್ರಿ. ಒಂದ್ ತಿಂಗಳ ಒಲ್ಲೆ ಅಂದ್ರ ಎಂಟ ದಿನ. ನಾನ ಜ್ವಾಪಾನ ಮಾಡಿ ತಿರಗಿ ಕಳಿಸ್ತೇನಿ, ನಿಮ್ಮ ಹೆಣಮಗಳನ್ನ ಇಟಗೊಳ್ಳಂಗಿಲ್ಲ. ವಯಸ್ಸಾತ್ರೀ ಇಬ್ಬರಿಗೂ.’

ನಾವು ಮೆಟ್ಟಿಲ ಮೇಲೆ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದೆವು. ‘ವಯಸ್ಸಾತ್ರೀ ಇಬ್ಬರಿಗೂ’ ಎಂದಾಗ ನನ್ನ ಹೆಂಡತಿ ನಗುವುದನ್ನು ನಿಲ್ಲಿಸಿ ಕೆಳಗೆ ಹೋದಳು. ಪಾರಿವಾಳ ಜೋಳ ಮುಗಿಸಿ ಹಾರಿತು. ಅರ್ಜಿ ಎಲ್ಲಿಗೆ ಮುಟ್ಟಿತೋ ಗೊತ್ತಿಲ್ಲ, ಜೋಳದ ಸುದ್ದಿ ಮಾತ್ರ ಚೆನ್ನಾಗಿ ಮುಟ್ಟಿತು. ವಾರದೊಳಗೆ ಮೂವತ್ತು ಪಾರಿವಾಳ ಬಂದವು. ಶತ್ರುದೇಶದ ಇಡೀ ಬೇಹುಗಾರಿಕೆ ಇಲಾಖೆ ಇಂದಿಗೂ ನಮ್ಮ ಮಾಳಿಗೆಯ ಮೇಲೆ ಬೀಡುಬಿಟ್ಟಿದೆ, ಒಣಹಾಕಿದ ನಮ್ಮ ಬಟ್ಟೆಗಳೇ ಅದಕ್ಕೆ ಸಾಕ್ಷಿ!

ಇಷ್ಟೆಲ್ಲ ಇದ್ದರೂ ಗೆಳತಿಯರಿಬ್ಬರಿಗೂ ಮಾತಾಡಲು ಒಂದು ದಾರಿಯಿತ್ತು. ಗೆಳತಿಯ ತಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಓಣಿಯ ತುದಿಗೆ ಸ್ಕೂಟರ್ ರಿಪೇರಿಯ ಗ್ಯಾರೇಜು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಪ್ರತಿ ತಿಂಗಳ ಮೊದಲ ಸೋಮವಾರ, ಗ್ಯಾರೇಜಿಗೆ ರಜೆಯ ದಿನ, ಚಾಚಾ ತಮ್ಮ ಫೋನಿನಲ್ಲಿ ಕರಾಚಿಗೆ ಹಚ್ಚಿ, ಓಡುತ್ತ ಬಂದು ಅತ್ತಿಯ ಕೈಗೆ ಕೊಡುತ್ತಿದ್ದರು. ಅತ್ತಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಅವರೇನು ಮಾತಾಡುತ್ತಾರೆ ಎಂದು ನಾವ್ಯಾರೂ ಕೇಳಿದ್ದಿಲ್ಲ. ಮರಳಿ ಬರುವಾಗ ಅತ್ತಿಯ ಮುಖ ಕೆಂಪಗೆ, ಕಣ್ಣು ಒದ್ದೆ, ತುಟಿಯಲ್ಲಿ ನಗು. ಆವತ್ತು ಮಾತ್ರ ಟಿವಿ ಹಚ್ಚುತ್ತಿರಲಿಲ್ಲ.

ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಅತ್ತಿಗೆ ಎದೆನೋವು ಬಂತು. ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು, ಕೆಲವು ತಿಂಗಳು ಮನಸ್ಸಿಗೆ ಆಘಾತವಾಗುವ ಸುದ್ದಿ ಹೇಳಬೇಡಿ ಎಂದರು. ಮನೆಗೆ ಬಂದ ನಾಲ್ಕನೆಯ ದಿನ ಚಾಚಾ ನಮ್ಮ ಕಾಲೇಜಿನ ಗೇಟಿನ ಹತ್ತಿರ ಬಂದು ನಿಂತಿದ್ದರು. ಎಣ್ಣೆ ಬಳಿದ ಗ್ಯಾರೇಜಿನ ಅಂಗಿಯಲ್ಲೇ ಬಂದಿದ್ದರು. ‘ಅಕ್ಕ ಹೋದ್ಲು, ಸರ್’ ಎಂದರು. ಕರಾಚಿಯಲ್ಲಿ ಗೆಳತಿ ಎರಡು ದಿನದ ಜ್ವರದಲ್ಲಿ ತೀರಿಕೊಂಡಿದ್ದಳು.

ಚಾಚಾ ತಮ್ಮ ಅಕ್ಕನಿಗಾಗಿ ತಮ್ಮ ಮನೆಯಲ್ಲಿ ಅಳಲಿಲ್ಲ. ಗೋಡೆಯಾಚೆ ಅತ್ತಿ ಮಲಗಿದ್ದಾಳಲ್ಲ, ಅಳು ಕೇಳಿಸಿದರೆ? ಮೂರನೆಯ ದಿನದ ಜಿಯಾರತ್ ಪ್ರಾರ್ಥನೆಯನ್ನೂ ಹಳೇ ಹುಬ್ಬಳ್ಳಿಯ ಬೀಗರ ಮನೆಯಲ್ಲಿ ಮಾಡಿ ಮುಗಿಸಿದರು. ‘ಮೂರ್ ತಿಂಗಳ ಆಗಲಿ, ಆಮ್ಯಾಲೆ ಇಬ್ಬರೂ ಕೂಡಿ ಹೇಳೂಣು’ ಎಂದು ನಾವು ಮಾತಾಡಿಕೊಂಡೆವು.

ಆದರೆ ಮೊದಲ ಸೋಮವಾರ ಬಂದೇ ಬಂತಲ್ಲ! ಅತ್ತಿ ಎದ್ದು ಕೂತು ಬಾಗಿಲ ಕಡೆ ನೋಡತೊಡಗಿದಳು. ಆಗ ನಾನು, ರಾಜ್ಯಶಾಸ್ತ್ರದ ಮೇಷ್ಟ್ರು, ಟಿವಿಯವರ ಸುಳ್ಳುಗಳ ಮೇಲೆ ಕ್ಲಾಸಿನಲ್ಲಿ ಗಂಟೆಗಟ್ಟಲೆ ಕೊರೆಯುವವನು, ಶತ್ರುದೇಶದ ಸರ್ಕಾರದ ಮೇಲೆ ನನ್ನದೇ ಒಂದು ಸುಳ್ಳು ಹೊರಿಸಿದೆ. ‘ಅತ್ತಿ, ಅಲ್ಲಿ ಸರ್ಕಾರ ಹೊರದೇಶದ ಫೋನ್ ಮಾತು ಬಂದ್ ಮಾಡೇತಿ. ಬರದು ಕಳಿಸಿದ್ದಷ್ಟ ಬರತೈತಿ’ ಎಂದೆ.

‘ಹಾಳಾಗಿ ಹೋಗಲಿ ಆ ಸರ್ಕಾರ!’ ಎಂದಳು ಅತ್ತಿ. ಅವಳ ಬಾಯಲ್ಲಿ ಆ ದೇಶದ ಬಗ್ಗೆ ಕೆಟ್ಟ ಮಾತು ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಟಿವಿಯವರು ಗಂಟಲು ಹರಿದುಕೊಂಡರೂ ಆಗದ್ದು ನನ್ನ ಒಂದೇ ವಾಕ್ಯದಿಂದ ಆಗಿಹೋಯಿತು. ನನ್ನ ಮೇಲೆ ನನಗೇ ಹೇಸಿಗೆ ಬಂತು.

ಅಲ್ಲಿಂದ ನಮ್ಮ ಪ್ರಸಾರ ಶುರುವಾಯಿತು. ಗೆಳತಿಯ ಮಗ ಉರ್ದುವಿನಲ್ಲಿ ಬರೆದು ಕಳಿಸುತ್ತಾನೆ, ಚಾಚಾ ಕನ್ನಡಕ್ಕೆ ತಿರುಗಿಸುತ್ತಾರೆ, ನಾನು ಓದುತ್ತೇನೆ ಎಂದು ಕಥೆ ಕಟ್ಟಿದೆವು. ವರದಿಗಾರನೂ ನಾನೇ, ಸಂಪಾದಕನೂ ನಾನೇ, ಓದುವವನೂ ನಾನೇ. ‘ಪ್ರೀತಿಯ ಗೆಳತಿಗೆ ನೆನಪುಗಳು. ನಾನು ಆರಾಮ ಇದ್ದೇನೆ. ನಿನ್ನ ಆರೋಗ್ಯ ಕಾಪಾಡಿಕೋ. ಮೊಮ್ಮಗಳು ಚೆನ್ನಾಗಿ ಓದುತ್ತಿದ್ದಾಳೆ.’ ಅಷ್ಟಕ್ಕೇ ನಿಲ್ಲಿಸಿದ್ದರೆ ಮನುಷ್ಯನಾಗಿ ಉಳಿಯುತ್ತಿದ್ದೆ. ಅಧಿಕಾರ ಕೈಗೆ ಬಂದರೆ ಯಾರು ಬಿಡುತ್ತಾರೆ? ಉಪ್ಪಿನಕಾಯಿ ಬಿಡು ಎಂದು ಕರಾಚಿಯಿಂದ ಸಂದೇಶ ಬಂತು. ಸಂಜೆ ಅರ್ಧ ತಾಸು ನಡೆ ಎಂದು ಬಂತು. ಗುಳಿಗೆ ತಪ್ಪಿಸಬೇಡ, ಟಿವಿ ಕಡಿಮೆ ನೋಡು ಎಂದೂ ಬಂತು! ಅತ್ತಿ ಎಲ್ಲಕ್ಕೂ ತಲೆಯಾಡಿಸಿ ಹಾಗೆಯೇ ನಡೆದುಕೊಂಡಳು. ‘ಇಷ್ಟ ವರ್ಷ ನಾ ಹೇಳಿದ್ರ ಕೇಳಲಿಲ್ಲ ನೋಡ್ರಿ’ ಎಂದು ನನ್ನ ಹೆಂಡತಿಗೆ ಸಿಟ್ಟು.

ಮೂರು ತಿಂಗಳಾಯಿತು, ಆರಾಯಿತು. ಹೇಳಬೇಕೆಂದು ಹೋದಾಗಲೆಲ್ಲ ಅತ್ತಿ, ‘ಇವತ್ತ ಏನ್ ಬರದಾಳ?’ ಎಂದು ಎದುರು ಬರುತ್ತಿದ್ದಳು. ನಾನು ಫೋನು ತೆಗೆದು ಓದತೊಡಗುತ್ತಿದ್ದೆ. ಚಾಚಾ ನಮ್ಮ ಮನೆಯ ಮುಂದೆ ಹಾಯುವಾಗ ತಲೆ ತಗ್ಗಿಸುತ್ತಿದ್ದರು. ಹೀಗೆಯೇ ಒಂದು ವರ್ಷವೂ ದಾಟಿತು.

ಆಮೇಲೆ ಆ ಯುದ್ಧದ ವಾರ ಬಂತು. ಗಡಿಯಲ್ಲಿ ಖರೇ ಏನು ನಡೆಯಿತೆಂದು ನನಗಂತೂ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಟಿವಿಯಲ್ಲಿ ನಡೆದದ್ದು ಮಾತ್ರ ಎಲ್ಲರಿಗೂ ಗೊತ್ತು. ಒಂದು ಮಧ್ಯಾಹ್ನ ಸುದ್ದಿಯವರು ಸೈರನ್ ಊದಿಕೊಂಡು ಕರಾಚಿಯ ಬಂದರನ್ನು ಮುಳುಗಿಸಿದರು. ತಾಸು ಬಿಟ್ಟು ಕರಾಚಿ ಊರನ್ನೇ ನೆಲಸಮ ಮಾಡಿದರು. ಚಹದ ಹೊತ್ತಿಗೆ, ನೆಲಸಮವಾದ ಕರಾಚಿ ಹೊತ್ತಿ ಉರಿಯಿತು. ನಮ್ಮ ಓಣಿಯಲ್ಲಿ ಹಾಡಹಗಲೇ ಪಟಾಕಿ. ಯಾರೋ ಧಾರವಾಡ ಪೇಢೆಯ ಡಬ್ಬಿ ಹಿಡಿದು ಮನೆ ಮನೆಗೂ ಬಂದರು. ಕೊಟ್ಟರು, ನಾನೂ ಬಾಯಿಗೆ ಹಾಕಿಕೊಂಡೆ.

ಒಳಗೆ ಬಂದರೆ ಅತ್ತಿ ಟಿವಿ ಆರಿಸಿ ಗೋಡೆಗೆ ಒರಗಿ ಕೂತಿದ್ದಳು. ಎದುರಿಗಿದ್ದ ಚಹ ತಣ್ಣಗಾಗಿತ್ತು.

‘ಅತ್ತಿ, ಅದೆಲ್ಲಾ ಸುಳ್ಳು. ಹಳೇ ಚಿತ್ರ ತಂದು ಹಾಕ್ಯಾರ. ಕರಾಚಿಗೆ ಏನೂ ಆಗಿಲ್ಲ’ ಎಂದೆ.

‘ಖರೇನ ಸುಳ್ಳೇನು?’

‘ಖರೇನ.’

‘ಸುಳ್ಳಂತ ಗೊತ್ತಿದ್ದ ಮ್ಯಾಲೆ ಪೇಢೆ ಯಾಕ ತಿಂದಿ?’

ನನ್ನ ಗಲ್ಲದಲ್ಲಿ ಅದು ಇನ್ನೂ ಕರಗಿರಲಿಲ್ಲ. ಅತ್ತಿ ಆ ದಿನ ಉಣ್ಣಲಿಲ್ಲ, ಮರುದಿನವೂ ಅರ್ಧ ರೊಟ್ಟಿ ತಿಂದು ಎದ್ದಳು.

ನಾನು ಗ್ಯಾರೇಜಿಗೆ ಓಡಿದೆ. ಚಾಚಾ ಒಂದು ಸ್ಕೂಟರಿನ ಗಾಲಿ ಬಿಚ್ಚುತ್ತಿದ್ದರು. ಅವರ ಅಂಗಿಯ ಕಿಸೆಯಲ್ಲಿ ಒಂದು ಪೇಢೆ ಕರಗಿ ಜಿಡ್ಡಾಗಿತ್ತು. ಅವರಿಗೂ ಕೊಟ್ಟಿದ್ದಾರೆ, ಕೊಟ್ಟು ಮುಖ ನೋಡುತ್ತ ನಿಂತಿದ್ದಾರೆ. ಬೇಡ ಎನ್ನುವ ಧೈರ್ಯ ನನಗೇ ಇರಲಿಲ್ಲ, ಮುಸಲ್ಮಾನರಾದ ಅವರಿಗೆ ಎಲ್ಲಿಂದ ಬರಬೇಕು? ತಿನ್ನಲೂ ಮನಸ್ಸಾಗಲಿಲ್ಲ. ನಾನು ಒಂದು ನೀಚ ಮಾತನ್ನು ಹೊತ್ತುಕೊಂಡು ಹೋಗಿದ್ದೆ. ಹೇಗೂ ಟಿವಿಯವರು ಕರಾಚಿಯನ್ನು ಸುಟ್ಟಿದ್ದಾರೆ. ಈ ಬಾಂಬಿನಲ್ಲೇ ಗೆಳತಿ ಹೋದಳು ಎಂದು ಹೇಳಿದರೆ ನಮ್ಮ ವರ್ಷದ ಸುಳ್ಳಿಗೆ ಒಂದು ಕೊನೆ ಸಿಗುತ್ತದೆ. ಹೇಳಿಯೂಬಿಟ್ಟೆ.

ಚಾಚಾ ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡರು. ‘ನಮ್ಮಕ್ಕ ತನ್ನ ಹಾಸಿಗಿ ಮ್ಯಾಲೆ ಹೋಗ್ಯಾಳ, ಸರ್. ಮಗನ ಕೈಯಾಗ ನೀರು ಕುಡದು, ಎಲ್ಲಾರ ಹೆಸರ ತಗೊಂಡು ಹೋಗ್ಯಾಳ. ಆಕಿನ್ನ ಈ ಟಿವಿಯೋರ ಕೈಯಾಗ ನಾ ಕೊಡಂಗಿಲ್ಲ. ಅಷ್ಟಾದ್ರೂ ಖರೇ ಇರ್ಲಿ’ ಎಂದರು.

ನಾನು ತಲೆ ಎತ್ತಲಿಲ್ಲ. ಅವರೇ ಫೋನು ತೆಗೆದು ಅಕ್ಕನ ಮಗನಿಗೆ ಹಚ್ಚಿದರು. ಮಗ ಮಾತಾಡುತ್ತಿದ್ದುದು ನನಗೂ ಕೇಳಿಸಿತು. ಊರಿಗೆ ಏನೂ ಆಗಿಲ್ಲ, ಹುಡುಗರು ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದಾರೆ. ಆದರೆ ನೀವೆಲ್ಲ ಬದುಕಿದ್ದೀರಾ ಎಂದು ಅವನೇ ಗಾಬರಿಯಿಂದ ಕೇಳಿದ. ಅವರ ಟಿವಿಯಲ್ಲಿ ನಮ್ಮ ಹುಬ್ಬಳ್ಳಿಯ ವಿಮಾನ ನಿಲ್ದಾಣ ಸುಟ್ಟು ಬೂದಿಯಾಗಿತ್ತಂತೆ! ಚಾಚಾ ಆ ವಾರದಲ್ಲಿ ಮೊದಲ ಸಲ ನಕ್ಕರು.

ಮನೆಗೆ ಬಂದಾಗ ಅತ್ತಿ ಹಿತ್ತಲಲ್ಲಿ, ಆ ಗೋಡೆಯ ಹತ್ತಿರ, ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಸಂಜೆಯ ಬಿಸಿಲು ಇನ್ನೂ ಇತ್ತು. ನಾನು ಎದುರಿಗೆ ಕೂತು ಫೋನು ತೆಗೆದು, ಯಾವುದೋ ಬ್ಯಾಂಕಿನ ಸಂದೇಶವನ್ನು ದಿಟ್ಟಿಸುತ್ತ ಓದಿದೆ. ‘ಪ್ರೀತಿಯ ಗೆಳತಿಗೆ ನೆನಪುಗಳು. ನಮ್ಮೂರಿಗೆ ಏನೂ ಆಗಿಲ್ಲ. ನಾನು ಆರಾಮ ಇದ್ದೇನೆ. ನೀನು ಚಿಂತೆ ಮಾಡದೆ ಊಟ ಮಾಡು...’

‘ಸಾಕು ಬಿಡೋ ತಮ್ಮಾ’ ಎಂದಳು ಅತ್ತಿ. ಮೊರದಿಂದ ಕಣ್ಣೆತ್ತಲಿಲ್ಲ. ‘ಆಕಿ ಗೋರಿಗೆ ಏನೂ ಆಗಿಲ್ಲಲ್ಲಾ? ಅಷ್ಟ ಕೇಳಿ ಹೇಳು ನನಗ.’

ನನ್ನ ಕೈಯಲ್ಲಿದ್ದ ಫೋನು ಜಾರಿ ಜೋಳದೊಳಗೆ ಬಿತ್ತು.

‘ನಮ್ಮಂಗ ಅವರೂ ಮಣ್ಣ ಮಾಡತಾರಲ್ಲ’ ಎಂದಳು. ‘ಎರಡು ದಿನಾತು, ಅದ ಒಂದ್ ಚಿಂತಿ ಹತ್ತೇತಿ. ಮಲಗಿದಾಕಿ ಮ್ಯಾಲೆ ಬಾಂಬ್ ಹಾಕಿದ್ರೇನೋ ಅಂತ.’

‘ಏನೂ ಆಗಿಲ್ಲ ಅತ್ತಿ. ಈಗಷ್ಟ ಮಾತಾಡಿ ಬಂದೆ. ಇದು ಖರೇ’ ಎಂದೆ. ‘ನಿನಗ ಯಾರು ಹೇಳಿದ್ರು?’

‘ಯಾರು ಹೇಳಬೇಕು? ನೀನ ಹೇಳಿದೆಲ್ಲ! ಸುರೂಕ ಮೂರ್ ತಿಂಗಳ ಓದಿದಿ, ಅಷ್ಟರಾಗ ನನಗ ತಿಳೀತು. ಮೂರ್ ತಿಂಗಳ ಆಕಿ ನನಗ ಒಮ್ಮೆನೂ ಬೈಲಿಲ್ಲ. ನನಗ ಬೈಲಾರದ ಇರಬೇಕಂದ್ರ ಆಕಿ ಜೀವಂತ ಹೆಂಗ ಇರತಾಳ?’

ಅತ್ತಿ ಮೊರ ಕೆಳಗಿಟ್ಟಳು. ‘ಅಲ್ಲೆ ಆಕಿಗೆ ಕನ್ನಡಾ ಮಾತಾಡಾಕ ಯಾರಿದ್ರು? ಗಂಡ, ಮಕ್ಕಳು, ಸೊಸ್ತೇರು, ಎಲ್ಲಾರ ಜೋಡಿ ಉರ್ದು. ಪ್ರೀತಿ ಉರ್ದುದಾಗ ಮಾಡಬಹುದಂತ, ಸಿಟ್ಟು ಮಾತ್ರ ಕನ್ನಡದಾಗ ಬರತಿತ್ತಂತ. ತಿಂಗಳ ತನಕಾ ಕೂಡಿಟಗೊಂಡು ಸ್ವಾಮಾರ ದಿವಸ ನನಗ ಬೈತಿದ್ಲು. ನಾನೂ ಬೈತಿದ್ದೆ. ಅರ್ಧಾ ತಾಸು ಬೈದಾಡಿ, ಕಡೀಕ ಇಬ್ಬರೂ ಅಳತಿದ್ವಿ. ನೀ ಏನ್ ಓದಿದಿ? ಪ್ರೀತಿಯ ಗೆಳತಿಗೆ ನೆನಪುಗಳು!’

‘ಗೊತ್ತಿದ್ದೂ ಯಾಕ ಕೇಳಕೋತ ಬಂದಿ, ಅತ್ತಿ?’

ಅತ್ತಿ ಮೊರದಿಂದ ಒಂದು ಹರಳು ಆರಿಸಿ ಆಚೆ ಎಸೆದಳು. ‘ಸುಳ್ಳ ಇದ್ರೂ ಆಕಿ ಸುದ್ದಿ ಅಲ್ಲೇನೋ’ ಎಂದಳು. ‘ನೀ ಓದೂದು ಬಿಟ್ರ ಆಕಿ ಹೆಸರ ತಗೊಳ್ಳೋರು ಈ ಮನ್ಯಾಗ ಯಾರದಾರ?’

ನಾನು ಅತ್ತೆ. ನಾಚಿಕೆಯಿಲ್ಲದೆ, ಮೊರದ ಮುಂದೆ ಕೂತು ಅತ್ತೆ. ಅತ್ತಿ ನನ್ನ ತಲೆಯ ಮೇಲೆ ಕೈಯಾಡಿಸಿ, ಜೋಳದೊಳಗಿಂದ ಫೋನು ಎತ್ತಿ, ಸೆರಗಿನಿಂದ ಒರೆಸಿ ಮತ್ತೆ ನನ್ನ ಕೈಗೆ ಕೊಟ್ಟಳು.

‘ಓದು. ಇವತ್ತ ಸ್ವಲ್ಪ ಬೈಯಿಸು.’

‘ನನಗ ಬರಂಗಿಲ್ಲ ಅತ್ತಿ.’

‘ಹುಚ್ಚಖೋಡಿ ಅಂತ ಸುರು ಮಾಡತಿದ್ಲು.’

ನಾನು ಬೆಳಕಿಲ್ಲದ ಆ ಗಾಜನ್ನು ನೋಡುತ್ತ ಓದಿದೆ. ‘ಹುಚ್ಚಖೋಡಿ, ನೀವು...’

‘ನೀವು ಅಂತನ ಯಾರರ ಬೈತಾರೇನು? ಜೋರ ಓದು!’

‘ಏ ಹುಚ್ಚಖೋಡಿ! ಉಣ್ಣಲಾರದ ಕುಂತೀಯಂತ? ಯಾರ ಸಲುವಾಗಿ ಉಪವಾಸ? ನಾ ಏನ್ ಬಂದು ತುತ್ತು ಮಾಡಿ ಹಾಕಲೇನು? ಆ ಸುಡಗಾಡ ಟಿವಿ ನೋಡಿ ಜೀವಾ ಯಾಕ ಸಣ್ಣ ಮಾಡಕೋತೀ? ಎದ್ದು ರೊಟ್ಟಿ ತಿನ್ನು, ಮುದುಕೀ!’

ಅತ್ತಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಮುಖ ಕೆಂಪಗಾಯಿತು, ಕಣ್ಣು ತುಂಬಿತು. ಫೋನನ್ನು ನನ್ನ ಕೈಯಿಂದ ಕಸಿದುಕೊಂಡು, ಎರಡೂ ಕೈಯಲ್ಲಿ ಬಾಯಿಯ ಹತ್ತಿರ ಹಿಡಿದು ಕೂಗಿದಳು.

‘ನೀನ ಹುಚ್ಚಖೋಡಿ! ನನಗೊಂದ್ ಮಾತ ಹೇಳದ ಹೋದೆಲ್ಲ, ನೀನ ಖೋಡಿ!’